ತೂಕಕ್ಕೆ ಕೊಂಡ ಜಾರುಬಂಡೆ

ನಾಲ್ಕು ವರ್ಷಗಳ ಹಿಂದೆ, ಮನೆಯ ನೀರಿನ ಟ್ಯಾಂಕಿನ ಹಳೆಯ ಕಬ್ಬಿಣದ ಸ್ಟ್ಯಾಂಡನ್ನು ಮಾರಲೆಂದು ಬಳ್ಳಾರಿಯ ಹೊರವಲಯದ ಗುಜರಿ ಅಂಗಡಿಯೊಂದಕ್ಕೆ ಹೋಗಿದ್ದೆ. ಅದಿರಿನ ಲಾರಿಗಳ ತುಕ್ಕು ಹಿಡಿದ ಬಾಡಿಗಳು, ಬೋರ್‌ವೆಲ್ ಪೈಪುಗಳು, ಮುರಿದ ಟ್ರೇಲರುಗಳ ನಡುವೆ, ಗೋಡೆಗೆ ಒರಗಿಸಿ ನಿಲ್ಲಿಸಿದ್ದ ಉದ್ದನೆಯ ತಗಡೊಂದು ಸಂಜೆಯ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಸುತ್ತಲಿನ ಕಬ್ಬಿಣವೆಲ್ಲ ಒಂದೇ ಕೆಂಪಿಗೆ ತಿರುಗಿರುವಾಗ ಇದೊಂದೇ ಯಾಕೆ ಹೀಗೆ ಹೊಳೆಯುತ್ತಿದೆ ಎಂದು ಹತ್ತಿರ ಹೋಗಿ ನೋಡಿದರೆ, ಅದು ಯಾವುದೋ ಪಾರ್ಕಿನ ಜಾರುಬಂಡೆ. ಎರಡೂ ಅಂಚುಗಳಲ್ಲಿ ಬಣ್ಣ ಹಪ್ಪಳದಂತೆ ಎದ್ದು ತುಕ್ಕು ಹಿಡಿದಿತ್ತು. ನಡುವೆ ಒಂದೂವರೆ ಗೇಣು ಅಗಲದ ಪಟ್ಟಿ ಮಾತ್ರ ತಿಕ್ಕಿದ ಸ್ಟೀಲ್ ತಟ್ಟೆಯ ಹಾಗಿತ್ತು. ಬಂದು ವಾರವೂ ಆಗಿಲ್ಲ, ನಾಳೆ ಗ್ಯಾಸ್ ಕಟರ್ ಹಚ್ಚುತ್ತೇವೆ ಎಂದು ಅಂಗಡಿಯವರು ಹೇಳಿದರು. ಸ್ಟ್ಯಾಂಡ್ ಮಾರಲು ಹೋದವನು ಅದರ ದುಡ್ಡಿಗೆ ಕೈಯಿಂದ ಇನ್ನಷ್ಟು ಸೇರಿಸಿ, ಕೆಜಿಗೆ 36 ರೂಪಾಯಿಯಂತೆ 96 ಕೆಜಿ ಜಾರುಬಂಡೆಯನ್ನು ಕೊಂಡು ಟಂಟಂನಲ್ಲಿ ಹೇರಿಕೊಂಡು ಬಂದೆ. ಮನೆಯಲ್ಲಿ ಏನು ಕೇಳಿದರು ಎಂಬುದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ.

ಹಿತ್ತಲಿನ ಬೇವಿನ ಮರದ ಕೆಳಗೆ ಅದನ್ನು ನಿಲ್ಲಿಸಿ, ಇನ್ನು ಇದಕ್ಕೆ ಭಯವಿಲ್ಲ ಎಂದುಕೊಂಡೆ. ಜೂನ್‌ನಲ್ಲಿ ಎರಡು ಮಳೆ ಬಿದ್ದು ಒಂದು ವಾರ ಕಳೆಯುವುದರೊಳಗೆ ಆ ಹೊಳೆಯುವ ಪಟ್ಟಿಯ ಮೇಲೆ ಸಾಸಿವೆ ಚೆಲ್ಲಿದಂತೆ ಕೆಂಪು ಚುಕ್ಕಿಗಳು ಎದ್ದವು. ಶ್ರಾವಣದ ಹೊತ್ತಿಗೆ ನಡುವಿನ ಪಟ್ಟಿ ಯಾವುದು, ಅಂಚು ಯಾವುದು ಎಂದು ಗುರುತು ಹಿಡಿಯಲಾಗದಂತೆ ಎಲ್ಲವೂ ಒಂದಾಯಿತು. ಇಪ್ಪತ್ತು ವರ್ಷಗಳಿಂದ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವ ನನಗೆ ತುಕ್ಕಿನ ವಿಷಯ ತಿಳಿಯದ್ದೇನಲ್ಲ. ಆದರೆ ಈ ತಗಡು ಎಷ್ಟೋ ಮಳೆಗಾಲಗಳನ್ನು ಬಯಲಿನಲ್ಲಿಯೇ ಕಳೆದು ಹೊಳಪು ಉಳಿಸಿಕೊಂಡಿತ್ತು, ನನ್ನ ಹಿತ್ತಲಿಗೆ ಬಂದು ಮೂರು ತಿಂಗಳಿಗೆ ಅದನ್ನು ಕಳೆದುಕೊಂಡಿತು ಎಂಬುದು ಮನಸ್ಸಿಗೆ ಇಳಿಯಲು ಸಮಯ ಹಿಡಿಯಿತು. ಅಲ್ಲಿ ಪ್ರತಿ ಸಂಜೆ ಮಕ್ಕಳ ಚಡ್ಡಿಗಳು ಆ ತಗಡನ್ನು ತಿಕ್ಕುತ್ತಿದ್ದವು. ತುಕ್ಕು ಹುಟ್ಟಿದ ದಿನವೇ ಅಳಿಸಿ ಹೋಗುತ್ತಿತ್ತು. ಇಲ್ಲಿ ಅದನ್ನು ಕಾಪಾಡುತ್ತಿದ್ದವನು ನಾನೊಬ್ಬನೇ, ನಾನು ಜಾರುತ್ತಿರಲಿಲ್ಲ.

ಆಮೇಲೆ ಹಿತ್ತಲಿಗೆ ಇನ್ನೂ ಕೆಲವು ಬಂದವು: ಕಬ್ಬಿಣದ ಪಟ್ಟಿಯ ಎರಡು ಜೋಕಾಲಿ, ಎರಡು ತುದಿಗೆ ಕೂತು ಏರಿಳಿಯುವ ಸೀ-ಸಾದ ಒಂದು ನಡುಗಂಬ, ಒಂದು ಕಮಾನು ಏಣಿ, ಮಕ್ಕಳು ಕೂತು ಸುತ್ತುವ ಒಂದು ತಿರುಗುಣಿ. ಪಾರ್ಕುಗಳಲ್ಲಿ ಇವುಗಳ ಜಾಗಕ್ಕೆ ಈಗ ಪ್ಲಾಸ್ಟಿಕ್ ಜಾರುಬಂಡೆಗಳು ಬಂದಿವೆ, ಇಲ್ಲವೇ ದೊಡ್ಡವರು ಬೆಳಿಗ್ಗೆ ಕೈಕಾಲು ಆಡಿಸುವ ಓಪನ್ ಜಿಮ್ ಬಂದಿದೆ. ಅದರ ಬಗ್ಗೆ ದೂರುವುದು ನನ್ನ ಉದ್ದೇಶವಲ್ಲ. ಹಳೆಯದನ್ನು ಉಳಿಸುವುದೆಂದರೆ ಏನನ್ನು ಉಳಿಸಿದ ಹಾಗಾಯಿತು ಎಂಬ ಪ್ರಶ್ನೆ ಮಾತ್ರ ನನ್ನನ್ನು ಬಿಟ್ಟಿಲ್ಲ.

ಬಂಡೆಯಿಂದ ತಗಡಿಗೆ

ನಮ್ಮ ಭಾಷೆಯಲ್ಲಿ ಈ ವಸ್ತುವಿಗೆ ಇರುವ ಹೆಸರೇ ಅದರ ಹಿಂದಿನ ಜನ್ಮವನ್ನು ಹೇಳುತ್ತದೆ. ತಗಡಿನದಾಗಲಿ ಪ್ಲಾಸ್ಟಿಕ್ಕಿನದಾಗಲಿ ನಾವು ಅದನ್ನು ಬಂಡೆ ಎಂದೇ ಕರೆಯುತ್ತೇವೆ. ಕೊಪ್ಪಳ, ಗಂಗಾವತಿ, ಆನೆಗೊಂದಿಯ ಕಡೆ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗುಡ್ಡದ ಇಳಿಜಾರಿನ ಕಲ್ಲೊಂದರ ಮೇಲೆ ಮಕ್ಕಳು ಜಾರಿ ಜಾರಿ ಆದ ನುಣುಪಾದ ಗೆರೆಯನ್ನು ದೂರದಿಂದಲೇ ಗುರುತಿಸಬಹುದು. ತುಂಗಭದ್ರಾ ಅಣೆಕಟ್ಟೆಯ ಪಕ್ಕದ ಮುನಿರಾಬಾದಿನಲ್ಲಿದ್ದಾಗ ನಾನೂ ಅಂಥದೊಂದು ಬಂಡೆಯ ಮೇಲೆ ಎರಡು ಚಡ್ಡಿ ಹರಿದುಕೊಂಡವನು, ಅವ್ವ ಹಾಕಿದ ತೇಪೆಯ ಮೇಲೆ ಇನ್ನೊಂದು ತೇಪೆ ಹಾಕಿಸಿಕೊಂಡವನು. ನಮ್ಮ ಜೋಕಾಲಿಯದು ಇದಕ್ಕೆ ವಿರುದ್ಧವಾದ ಕಥೆ. ನಾಗರ ಪಂಚಮಿಗೆ ಬೇವಿನ ಕೊಂಬೆಗೆ ಹಗ್ಗ ಬೀಳುತ್ತದೆ, ಹಬ್ಬ ಮುಗಿದ ಮೇಲೆ ಅದೇ ಹಗ್ಗ ಬಾವಿಗೋ ಬಂಡಿಗೋ ಹಿಂತಿರುಗುತ್ತದೆ. ಹಳೆಯ ಪಂಚಮಿ ಜೋಕಾಲಿಯನ್ನು ಯಾರೂ ಎತ್ತಿಟ್ಟಿಲ್ಲ, ಆದರೂ ಜೋಕಾಲಿ ಪ್ರತಿ ವರ್ಷ ಇದೆ. ಹಂಪಿಯ ಮಂಟಪಗಳ ನೆಲಗಲ್ಲಿನ ಮೇಲೆ ಯಾರೋ ಹೊತ್ತು ಕಳೆಯಲು ಕೆತ್ತಿಕೊಂಡ ಆಟದ ಮನೆಗಳೂ ಹಾಗೆಯೇ ಇವೆ. ಅವುಗಳ ಕಾಯಿಗಳು ಮಾತ್ರ ಯಾವತ್ತೋ ಹೋಗಿವೆ.

ತಗಡಿನ ಜಾರುಬಂಡೆ ನನ್ನ ಬಾಳಿಗೆ ಬಂದದ್ದು ಅಣೆಕಟ್ಟೆಯ ದೆಸೆಯಿಂದ. 1945ರಲ್ಲಿ ಶಂಕುಸ್ಥಾಪನೆಯಾಗಿ, ಎಡದಂಡೆಯ ಕಡೆ ಹೈದರಾಬಾದ್ ಸಂಸ್ಥಾನವೂ ಬಲದಂಡೆಯ ಕಡೆ ಮದ್ರಾಸ್ ಸರ್ಕಾರವೂ ಕೆಲಸ ನಡೆಸಿ, 1953ರಲ್ಲಿ ಕಾಲುವೆಗೆ ನೀರು ಹರಿಸಿದ ತುಂಗಭದ್ರೆಯ ಆ ಕಟ್ಟೆಯೊಂದಿಗೆ ಎರಡೂ ದಂಡೆಗಳಲ್ಲಿ ಕಾಲೋನಿಗಳು ಹುಟ್ಟಿದವು. ಕಾಲೋನಿ ಇದ್ದಲ್ಲಿ ವರ್ಕ್‌ಶಾಪ್, ವರ್ಕ್‌ಶಾಪ್ ಇದ್ದಲ್ಲಿ ವೆಲ್ಡರು, ವೆಲ್ಡರಿದ್ದಲ್ಲಿ ಉಳಿದ ತಗಡು. ನನ್ನ ಅಪ್ಪ ವೆಲ್ಡರ್. ನಮ್ಮ ಓಣಿಯ ಜಾರುಬಂಡೆಯನ್ನು ಮಾಡಿದ ನಾಲ್ಕು ಜನರಲ್ಲಿ ಅವರೊಬ್ಬರು.

ಅದನ್ನು ನಿಲ್ಲಿಸಿದ ಮಧ್ಯಾಹ್ನ ನನಗೆ ಚೆನ್ನಾಗಿ ನೆನಪಿದೆ. ಕಾಂಕ್ರೀಟ್ ಒಣಗಿತ್ತು, ಬಣ್ಣ ಇನ್ನೂ ಹಚ್ಚಿರಲಿಲ್ಲ, ಹತ್ತಿಪ್ಪತ್ತು ಮಕ್ಕಳು ಸುತ್ತ ನಿಂತು ಯಾವಾಗ ಬಿಡುತ್ತಾರೆಂದು ಕಾಯುತ್ತಿದ್ದೆವು. ಅಪ್ಪ ಮಾತ್ರ ಕೈಯಲ್ಲಿ ಒಂದು ಹಿಡಿ ಹತ್ತಿ ವೇಸ್ಟ್ ಹಿಡಿದುಕೊಂಡು, ಮೇಲಿನಿಂದ ಕೆಳಗಿನವರೆಗೆ ಎರಡೂ ಬದಿಯ ಪೈಪಿನ ಮೇಲೆ ನಿಧಾನವಾಗಿ ಎಳೆಯುತ್ತಾ ಹೋಗುತ್ತಿದ್ದರು. ಎಲ್ಲಾದರೂ ಒಂದು ಎಳೆ ಸಿಕ್ಕಿಕೊಂಡರೆ ನಿಲ್ಲುವರು, ಅಲ್ಲಿ ಸೀಮೆಸುಣ್ಣದಿಂದ ಗೀಟು ಹಾಕುವರು, ಅರ ತೆಗೆದುಕೊಂಡು ಉಜ್ಜುವರು, ಮತ್ತೆ ಮೊದಲಿನಿಂದ ಹತ್ತಿ ಎಳೆಯುವರು. ಕಣ್ಣಿಗೆ ಕಾಣದ, ಬೆರಳಿಗೂ ತಿಳಿಯದ ಮುಳ್ಳು ಹತ್ತಿಗೆ ತಿಳಿಯುತ್ತದೆ. ಎಷ್ಟು ಹೊತ್ತು ಮಾಡಿದರೆಂದರೆ, ಕೊನೆಗೆ ಅವರ ಜೊತೆಯವರೇ "ಸಾಕು ಬಿಡೋ ಮಾರಾಯ, ಹುಡುಗ್ರು ಒಣಗಾಕತ್ಯಾವ" ಎಂದರು. ಅಪ್ಪ ಇನ್ನೊಂದು ಸಲ ಎಳೆದರು, ಹತ್ತಿ ಎಲ್ಲಿಯೂ ನಿಲ್ಲದೆ ಕೆಳಗಿನವರೆಗೆ ಬಂತು, ಆಗ ಪಕ್ಕಕ್ಕೆ ಸರಿದರು.

ಬಳ್ಳಾರಿಯ ಗುಜರಿಯಿಂದ ತಂದ ಜಾರುಬಂಡೆಗೆ ನಾನು ಮಾಡಿದ ಮೊದಲ ಪರೀಕ್ಷೆಯೂ ಅದೇ. ಹತ್ತಿ ಮೂರು ಕಡೆ ಸಿಕ್ಕಿತು. ಅಂದರೆ ಇದು ಅಪ್ಪನ ಕೈಯದಲ್ಲ ಎಂದು ನನಗೆ ಸ್ವಲ್ಪ ನಿರಾಸೆಯೂ ಸ್ವಲ್ಪ ಸಮಾಧಾನವೂ ಆಯಿತು. ಇಂಗ್ಲೆಂಡಿನಲ್ಲಿ ಹಳೆಯ ಆಟದ ಸಾಮಾನು ಕೂಡಿಡುವವರಿಗೆ ಒಂದು ಅನುಕೂಲವಿದೆ. 1921ರಲ್ಲಿ ಕೆಟರಿಂಗ್ ಊರಿನಲ್ಲಿ ದೊಡ್ಡ ಪಾರ್ಕು ತೆರೆದ ಚಾರ್ಲ್ಸ್ ವಿಕ್‌ಸ್ಟೀಡ್ ಎಂಬ ಎಂಜಿನಿಯರ್ ತನ್ನ ಕಾರ್ಖಾನೆಯಲ್ಲಿಯೇ ಜೋಕಾಲಿ, ಜಾರುಬಂಡೆಗಳನ್ನು ಮಾಡಿಸಿ ಮಾರತೊಡಗಿದ. ಅಂಥ ಸಾಮಾನಿಗೆ ಹೆಸರಿದೆ, ಊರಿದೆ, ಕಾಲವಿದೆ. ನಮ್ಮಲ್ಲಿಯದಕ್ಕೆ ವೆಲ್ಡಿಂಗಿನ ಹೊಲಿಗೆಯೊಂದೇ ಸಹಿ, ಅದನ್ನು ಓದಬಲ್ಲವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅಪ್ಪ ನಿವೃತ್ತರಾಗಿ ನಾವು ಬಳ್ಳಾರಿಗೆ ಬಂದು ಬಹಳ ವರ್ಷಗಳ ಮೇಲೆ ನಾನು ಆ ಓಣಿಗೆ ಹೋದಾಗ, ಜಾರುಬಂಡೆಯಿದ್ದ ಜಾಗದಲ್ಲಿ ಮುಳ್ಳು ಜಾಲಿಯ ನಡುವೆ ನಾಲ್ಕು ಕಾಂಕ್ರೀಟ್ ಗುಳಿಗಳು ಮಾತ್ರ ಇದ್ದವು.

ಮೊರದಗಲದ ಕಿವಿ

ಹಿತ್ತಲಿಗೆ ತರಲಾಗದ್ದು ಒಂದಿತ್ತು. ನಮ್ಮ ಭಾಗದ ಒಂದು ಊರಿನ ಪಾರ್ಕಿನಲ್ಲಿ ಸಿಮೆಂಟಿನ ಆನೆಯಿತ್ತು. ಊರಿನ ಹೆಸರು ಬೇಡ. ಹಿಂಗಾಲಿನ ಕಡೆಯಿಂದ ಮೆಟ್ಟಿಲು, ಬೆನ್ನ ಮೇಲೆ ನಿಲ್ಲಲು ಜಾಗ, ಸೊಂಡಿಲಿನ ಮೇಲೆ ಜಾರುವುದು. ಇಂಥ ಆನೆಯನ್ನು ನೋಡದ ಓದುಗರು ಕಡಿಮೆ. ಅದನ್ನು ಒಡೆಯುತ್ತಾರೆ ಎಂದು ಗೆಳೆಯರೊಬ್ಬರು ಫೋನ್ ಮಾಡಿದಾಗ ಬೆಳಗಿನ ಬಸ್ಸಿಗೇ ಹೋದೆ, ಆದರೆ ನಾನು ಮುಟ್ಟುವ ಹೊತ್ತಿಗೆ ಸೊಂಡಿಲು ಆಗಲೇ ಬಿದ್ದಿತ್ತು. ಒಳಗೆ ಇಟ್ಟಿಗೆ ಚೂರು, ಕೋಳಿ ಗೂಡಿನ ಜಾಲರಿ, ನಾಲ್ಕೈದು ಸರಳು. ಸೊಂಡಿಲಿನ ಮೇಲ್ಮೈಗೆ ರೆಡ್ ಆಕ್ಸೈಡ್ ಹಾಕಿ ನಯ ಮಾಡಿದ್ದರು. ನಮ್ಮ ಕಡೆಯ ಹಳೆಯ ಮನೆಗಳ ಪಡಸಾಲೆಯ ನೆಲದಂತೆ ಅದು ಮುರಿದು ಬಿದ್ದಾಗಲೂ ಮಿರುಗುತ್ತಿತ್ತು. ಹೊಟ್ಟೆ ಪೊಳ್ಳಾಗಿತ್ತು. ಮುಚ್ಚಾಲೆಯಾಟದಲ್ಲಿ ಅಲ್ಲಿ ಅಡಗಿಕೊಳ್ಳುತ್ತಿದ್ದ ಮಕ್ಕಳು ಒಳಗೋಡೆಯ ಮೇಲೆ ಇದ್ದಿಲಿನಿಂದ ಹೆಸರು ಬರೆದಿದ್ದರು, ಒಂದರ ಮೇಲೊಂದು, ಕೆಳಗಿನವು ಮಾಸಿ ಮೇಲಿನವು ಕಪ್ಪಾಗಿ. ಆ ಗೋಡೆಯನ್ನು ನೋಡಿದ್ದು ಎರಡು ನಿಮಿಷ. ಮೊಬೈಲ್ ತೆಗೆಯುವಷ್ಟರಲ್ಲಿ ಇನ್ನೊಂದು ಏಟು ಬಿತ್ತು.

ಒಡೆಯುವವರ ಮೇಲೆ ನನಗೆ ಸಿಟ್ಟಿರಲಿಲ್ಲ, ಅವರದು ದಿನಗೂಲಿ. ಒಡೆಯಲು ಬರೆದುಕೊಟ್ಟವರಿಗೆ ಅದು ಹಳೆಯದೆಂಬ ಒಂದೇ ಕಾರಣ ಸಾಕಾಗಿತ್ತು, ಅದಕ್ಕೆ ಸಿಟ್ಟಿತ್ತು. ಸಿಂಗಪುರದ ತೋ ಪಯೋ ಎಂಬ ಬಡಾವಣೆಯಲ್ಲಿ 1979ರಲ್ಲಿ ಸರ್ಕಾರಿ ವಸತಿ ಮಂಡಳಿಯ ವಿನ್ಯಾಸಕಾರ ಖೋರ್ ಇಯಾನ್ ಘೀ ರೂಪಿಸಿದ ಡ್ರ್ಯಾಗನ್ ಆಟದ ಅಂಗಳ ಇವತ್ತಿಗೂ ಅದೇ ಜಾಗದಲ್ಲಿ ನಿಂತಿದೆ. ಟೈಲ್ಸ್ ಚೂರು ಮೆತ್ತಿದ ತಲೆ, ಕಬ್ಬಿಣದ ಬಳೆಗಳ ಮೈ, ಕೆಳಗೆ ಮರಳು. ಅದೂ ಮುಖ್ಯವಾಗಿ ಸಿಮೆಂಟು ಕಬ್ಬಿಣವೇ. ನಮ್ಮ ಆನೆಯದು ಒಂದು ಕಿವಿ ನನಗೆ ದಕ್ಕಿತು, ಚಹಾದ ದುಡ್ಡಿಗೆ. ಕವಿಗಳು ಹೇಳುವಂತೆ ಮೊರದಗಲದ ಕಿವಿ; ಜಾಲರಿಯ ತುದಿಗಳು ಹೊರಗೆ ಚಾಚಿಕೊಂಡಿವೆ. ಅದನ್ನು ಪಡಸಾಲೆಯಲ್ಲಿ ಇಟ್ಟಿದ್ದಾಗ ನಮ್ಮ ಮನೆಯವರ ಸೋದರತ್ತೆ ಬಂದು, ಗಣಪತಿಯ ಭಿನ್ನವಾದ ಮೂರ್ತಿಯನ್ನು ಮನೆಯೊಳಗೆ ಇಟ್ಟುಕೊಂಡರೆ ಮನೆ ಉದ್ಧಾರವಾಗುತ್ತದೆಯೇ ಎಂದು ಬೈದು ಹೋದರು. ಅಂದಿನಿಂದ ಕಿವಿ ಹಿತ್ತಲಿನಲ್ಲಿದೆ.

ಲಾರಿಯ ಹಬ್

ತಿರುಗುಣಿ ನನ್ನ ಬಳಿ ಬಂದಾಗ ಅಲುಗುತ್ತಿರಲಿಲ್ಲ. ಪರಿಚಯದ ಒಬ್ಬ ಹಿರಿಯ ಮಿಸ್ತ್ರಿಯವರನ್ನು ಕರೆತಂದೆ. ಅದಿರಿನ ಲಾರಿಗಳು ಹಗಲು ರಾತ್ರಿ ಓಡುತ್ತಿದ್ದ ಕಾಲದಲ್ಲಿ ನಿದ್ದೆ ಮಾಡದೆ ದುಡಿದವರು. ಅವರು ಕೂತು, ಸ್ಪ್ಯಾನರಿನ ತುದಿಯಿಂದ ನಡುಗಂಬಕ್ಕೆ ಎರಡು ಸಲ ತಟ್ಟಿ, ನಕ್ಕರು. "ಸರ, ಇದು ಆಟದ ಸಾಮಾನಲ್ರಿ, ಲಾರಿ ಹಬ್ ಐತಿ. ಮುಂದಿನ ಗಾಲಿದು. ಮ್ಯಾಲೆ ತಗಡು ಕೂಡಿಸ್ಯಾರ." ಬಿಚ್ಚಿದಾಗ ಅವರ ಮಾತು ನಿಜವಾಗಿತ್ತು. ಗಾಲಿ ನಿಂತು ತಿರುಗುವ ಬದಲು ಮಲಗಿ ತಿರುಗುವಂತೆ ಹಬ್ ಅನ್ನು, ಎಂದರೆ ಗಾಲಿಯ ನಡುವಿನ ಗುಂಬವನ್ನು, ಆಕಾಶಕ್ಕೆ ಮುಖ ಮಾಡಿ ನಿಲ್ಲಿಸಿದ್ದರು, ಒಳಗೆ ಎರಡು ಟೇಪರ್ ಬೇರಿಂಗ್. ಮೇಲಿನದರಲ್ಲಿ ಗ್ರೀಸು ಒಣಗಿ ಗಟ್ಟಿ ಬೆಲ್ಲದಂತಾಗಿತ್ತು. ಕೆಳಗಿನದರೊಳಗೆ ಮಳೆಯ ನೀರಿಳಿದು ರೋಲರುಗಳ ಮೇಲೆ ತುಕ್ಕಿನ ಗುಳಿ ಬಿದ್ದಿತ್ತು.

ಇಲ್ಲಿ ನನಗೂ ಅವರಿಗೂ ಜಗಳವಾಯಿತು. ಸಂಗ್ರಹಕಾರನಾದ ನನಗೆ ಹಳೆಯ ಬೇರಿಂಗೇ ಬೇಕು, ಅದನ್ನು ತೊಳೆದು ಹೇಗಾದರೂ ಕೂಡಿಸಿ ಎಂದೆ. ಗುಳಿ ಬಿದ್ದ ಬೇರಿಂಗನ್ನು ಲಾರಿಗೂ ಹಾಕುವುದಿಲ್ಲ, ಮಕ್ಕಳು ಕೂರುವುದಕ್ಕೆ ಹಾಕುತ್ತೇನೆಯೇ ಎಂದು ಅವರು. ಕೊನೆಗೆ ಹೊಸದು ಬಂತು. ಹಳೆಯದನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ, ಚೀಟಿ ಕಟ್ಟಿ ಡಬ್ಬಿಯಲ್ಲಿ ಇಟ್ಟೆ. ಮಾರನೆಯ ವರ್ಷ ಕೊಪ್ಪಳ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಗೆ ಆ ತಿರುಗುಣಿಯನ್ನು ಕೊಟ್ಟೆವು. ಮುಖ್ಯೋಪಾಧ್ಯಾಯಿನಿಯವರು ದಾಸ್ತಾನು ಪುಸ್ತಕದಲ್ಲಿ "ತಿರುಗುಣಿ, 1, ಹಳೆಯದು" ಎಂದು ಬರೆದು ಸಹಿ ಹಾಕಿಸಿಕೊಂಡರು. ಅದರ ಜೀವನಚರಿತ್ರೆ ಅಷ್ಟಕ್ಕೇ ಮುಗಿಯಿತಲ್ಲ ಎಂದು ನನಗೆ ಒಂದು ಕ್ಷಣ ಅನಿಸಿದ್ದುಂಟು. ವರ್ಷಕ್ಕೊಮ್ಮೆ ಆಯುಧ ಪೂಜೆಗೆ ಗ್ರೀಸು ತುಂಬುವ ಕೆಲಸ ಮಿಸ್ತ್ರಿಯವರದೇ. ಲಾರಿಯ ಹಬ್ ಅಂದ ಮೇಲೆ ಲಾರಿಯ ಮರ್ಯಾದೆ ಸಲ್ಲಬೇಕೆಂದು ಅವರು ಅದಕ್ಕೆ ಕುಂಕುಮ ಹಚ್ಚಿ, ಬಾಳೆಕಂದು ಕಟ್ಟಿ, ನಿಂಬೆಹಣ್ಣನ್ನೂ ಇಟ್ಟರು. ಮುಂದಕ್ಕೆ ಹೋಗದ ಗಾಡಿ ಯಾವ ನಿಂಬೆಹಣ್ಣನ್ನು ತುಳಿಯಬೇಕು? ಅದು ಅಲ್ಲಿಯೇ ಒಣಗಿತು.

ಬಣ್ಣ, ಸಂದು, ಚೈನು

ಹಳೆಯ ಬಣ್ಣದ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಏಣಿಯ ಒಂದು ಮೂಲೆಯನ್ನು ಬ್ಲೇಡಿನಿಂದ ಕೆರೆದಾಗ ಹಸಿರು, ಅದರ ಕೆಳಗೆ ನೀಲಿ, ಅದರ ಕೆಳಗೆ ಹಳದಿ, ಎಲ್ಲಕ್ಕೂ ಕೆಳಗೆ ಕೇಸರಿ ಬಣ್ಣದ ಮೊದಲ ಲೇಪ ಸಿಕ್ಕವು. ಮರದ ಕಾಂಡದೊಳಗಿನ ವರ್ಷದ ಬಳೆಗಳಂತೆ ಎಣಿಸಬಹುದು. ಆದರೆ ಹಳೆಯ ಹಳದಿ, ಕೇಸರಿಗಳಲ್ಲಿ ಸೀಸ ಇರುವ ಸಂಭವ ಹೆಚ್ಚು. ಮನೆಗೆ ಬಳಸುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ 2016ರಲ್ಲಿ ಬಂದು 2017ರ ನವೆಂಬರ್‌ನಿಂದ ಜಾರಿಯಾಯಿತು. ಅದಕ್ಕಿಂತ ಹಿಂದಿನದನ್ನು ಒಣಗಿದ್ದಾಗ ಗ್ರೈಂಡರಿನಿಂದ ಹಾರಿಸುವುದಾಗಲಿ ಬೆಂಕಿಯಿಂದ ಸುಡುವುದಾಗಲಿ ಕೂಡದು. ನೀರು ಹಾಕಿಕೊಂಡು ಉಜ್ಜಬೇಕು, ಆ ಕೆಸರನ್ನು ಕೂಡಿಸಿ ಬೇರೆ ಇಡಬೇಕು. ನಾನು ಎಲ್ಲ ಸಾಮಾನಿನಲ್ಲೂ ಅಂಗೈಯಗಲದ ಒಂದು ಜಾಗದಲ್ಲಿ ಹಳೆಯ ಪದರಗಳನ್ನು ಹಾಗೆಯೇ ಬಿಟ್ಟು, ಮಕ್ಕಳ ಉಗುರು ತಾಗದಂತೆ ಮೇಲೆ ವಾರ್ನಿಷ್ ಹಚ್ಚುತ್ತೇನೆ. ಕೈ ಹಿಡಿಯುವ ಪೈಪುಗಳಿಗೆ ಅಗಸಿ ಎಣ್ಣೆ. ಅದು ಗಾಳಿಗೆ ಒಣಗಿ ಗಟ್ಟಿ ಪೊರೆಯಾಗುತ್ತದೆ. ಅದೇ ಎಣ್ಣೆಯ ಬಟ್ಟೆಗಳನ್ನು ಮುದ್ದೆ ಮಾಡಿ ಬಿಸಾಡಿದರೆ ತಾವಾಗಿಯೇ ಕಾದು ಹೊತ್ತಿಕೊಳ್ಳುತ್ತವೆ ಎಂಬುದನ್ನು ತರಗತಿಯಲ್ಲಿ ಹೇಳಿದ್ದವನೇ ಒಂದು ಮೇ ತಿಂಗಳ ಮಧ್ಯಾಹ್ನ ಬಕೆಟ್ಟಿನಲ್ಲಿ ಹೊಗೆಯೇಳುವವರೆಗೆ ಮರೆತಿದ್ದೆ. ಈಗ ಅವನ್ನು ಒಂದೊಂದಾಗಿ ತಂತಿಯ ಮೇಲೆ ಹರಡುತ್ತೇನೆ.

ಹಳೆಯ ಸಾಮಾನನ್ನು ತೆಗೆದುಹಾಕಿದವರ ಕಡೆಯೂ ನ್ಯಾಯವಿದೆ. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗವು 1981ರಿಂದ ಪ್ರಕಟಿಸುತ್ತಾ ಬಂದಿರುವ ಆಟದ ಅಂಗಳಗಳ ಕೈಪಿಡಿಯ ಪ್ರಕಾರ ಮೂರೂವರೆ ಇಂಚಿನಿಂದ ಒಂಬತ್ತು ಇಂಚಿನ ನಡುವಿನ ಸಂದು ಅಪಾಯಕಾರಿ, ಏಕೆಂದರೆ ಮಗುವಿನ ಮೈ ಅದರಲ್ಲಿ ತೂರುತ್ತದೆ, ತಲೆ ಸಿಕ್ಕಿಕೊಳ್ಳುತ್ತದೆ. ನನ್ನ ಜಾರುಬಂಡೆಯ ಮೇಲಿನ ಕಟಾಂಜನದ ಸಂದು ಅಳೆದರೆ ಸರಿಯಾಗಿ ಆರು ಇಂಚು. ಎಷ್ಟು ಮಕ್ಕಳು ಅಲ್ಲಿ ತಲೆ ಹಾಕಿರಬಹುದೋ. ಎರಡು ಬದಿಗೂ ನಡುವೆ ಒಂದೊಂದು ಸರಳು ಕೂಡಿಸಿದೆ. ಅವು ಮೂಲದವಲ್ಲ ಎಂದು ಮುಂದೆ ನೋಡಿದವರಿಗೆ ತಿಳಿಯಲೆಂದು ಅವಕ್ಕೆ ಮಾತ್ರ ಬೂದು ಬಣ್ಣ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟು ಕೊಚ್ಚಿ ಹೋದ ಸುದ್ದಿ ಬಂದ ಮಾರನೆಯ ದಿನ, ನಾನು ಮಾಡಿದ ಮೊದಲ ಕೆಲಸ ಜೋಕಾಲಿಯ ಚೈನುಗಳನ್ನು ವರ್ನಿಯರ್ ಹಿಡಿದು ಅಳೆದದ್ದು. ಕೊಂಡಿ ಸವೆಯುವುದು ಹೊರಗೆ ಕಾಣುವ ಕಡೆಯಲ್ಲ, ಒಂದಕ್ಕೊಂದು ತಾಗುವ ಒಳಗಿನ ಬಾಗಿನಲ್ಲಿ. ಎರಡು ಕೊಂಡಿಗಳು ಆ ಜಾಗದಲ್ಲಿ ಅರ್ಧಕ್ಕರ್ಧ ತೆಳುವಾಗಿದ್ದವು. ಆ ಚೈನುಗಳೂ ಈಗ ಡಬ್ಬಿಯಲ್ಲಿವೆ, ಬೇರಿಂಗಿನ ಪಕ್ಕದಲ್ಲಿ.

ಡಬ್ಬಿ ದೊಡ್ಡದಾಗುತ್ತಿದೆ, ಹಿತ್ತಲಿನಲ್ಲಿ ಹಳೆಯ ಭಾಗಗಳು ಕಡಿಮೆಯಾಗುತ್ತಿವೆ. ನಿಜವಾದ ಸಂಗ್ರಹಕಾರರು ಇದನ್ನು ಒಪ್ಪಲಾರರು. ಮಕ್ಕಳು ಹತ್ತಿ ಆಡುವ ಪೈಪಿನ ಚೌಕಟ್ಟಾದ ಜಂಗಲ್ ಜಿಮ್ಮಿಗೆ 1923ರಲ್ಲಿ ಪೇಟೆಂಟ್ ಪಡೆದ ಶಿಕಾಗೋದ ವಕೀಲ ಸೆಬಾಸ್ಟಿಯನ್ ಹಿಂಟನ್, ಗಣಿತಜ್ಞನಾದ ತನ್ನ ತಂದೆ ಜಪಾನಿನಲ್ಲಿ ಮಕ್ಕಳಿಗೆ ಜ್ಯಾಮಿತಿ ಕಲಿಸಲು ಕಟ್ಟಿದ ಬಿದಿರಿನ ಚೌಕಟ್ಟನ್ನು ನೆನೆದು ಅದನ್ನು ರೂಪಿಸಿದನಂತೆ. ಆ ಬಿದಿರು ಯಾರ ಬಳಿಯೂ ಇಲ್ಲ, ಮಗನಿಗೆ ನೆನಪಿದ್ದದ್ದು ಹತ್ತಿದ್ದು ಮಾತ್ರ.

ಹೋದ ವರ್ಷ ಹಿತ್ತಲಿನ ಬಾಗಿಲನ್ನು ಓಣಿಯ ಮಕ್ಕಳಿಗೆ ತೆರೆದೆ. ಜಾರುಬಂಡೆಯನ್ನು ಬೇವಿನ ನೆರಳಿನಲ್ಲಿ ಉತ್ತರಕ್ಕೆ ಮುಖ ಮಾಡಿ ಹೂಳಿಸಿ, ಕೆಳಗೆ ಒಂದು ಅಡಿ ಮರಳು ಹಾಕಿಸಿದ್ದೇನೆ. ಆದರೂ ಬಳ್ಳಾರಿಯ ಬೇಸಿಗೆಯಲ್ಲಿ ಸಂಜೆ ಐದಕ್ಕೆ ಮುಂಚೆ ಯಾರನ್ನೂ ಬಿಡುವುದಿಲ್ಲ. ಮೊದಲ ವಾರ ಎಲ್ಲರ ಚಡ್ಡಿಯೂ ತುಕ್ಕಿನಿಂದ ಕೆಂಪಾಗಿ, ಇಬ್ಬರು ತಾಯಂದಿರು ಮನೆಯವರೆಗೆ ಬಂದು ಮಾತಾಡಿ ಹೋದರು. ದಸರೆಯ ಹೊತ್ತಿಗೆ ನಡುವೆ ಬೆಳ್ಳಿಯ ಎಳೆಯಂತೆ ಒಂದು ಗೆರೆ ಎದ್ದಿತು, ಸಂಕ್ರಾಂತಿಯ ಹೊತ್ತಿಗೆ ಅದು ಒಂದು ಗೇಣು ಅಗಲವಾಯಿತು. ಕೊಂಡ ವರ್ಷ ಕೆಳತುದಿಯಲ್ಲಿ ಸ್ಕ್ರೂ ಗೇಜ್ ಹಿಡಿದು ಅಳೆದಾಗ ತಗಡು ಅಂಚಿನಲ್ಲಿ 2 ಮಿಲಿಮೀಟರ್, ನಡುವೆ 1.70 ಇತ್ತು. ಈ ಸಲ ನಡುವೆ 1.68 ಬಂತು. ಒಂದು ಅಳತೆಯನ್ನು ನಂಬಬಾರದೆಂದು ಮಕ್ಕಳಿಗೆ ಹೇಳಿಕೊಡುವವನು ನಾನು. ಎರಡನೆಯ ಸಲವೂ ಅಷ್ಟೇ. ಮೂರನೆಯದಕ್ಕೆ ಮಂಡಿಯೂರಿ, ಕನ್ನಡಕ ಮೇಲೆತ್ತಿ, ಗೇಜಿನ ಗೆರೆಯನ್ನು ಓದುತ್ತಿರುವಾಗ ಮೇಲಿನಿಂದ ದನಿ ಬಂತು.

"ಅಂಕಲ್, ಸರೀರಿ. ಬರಾಕತ್ತೀನಿ."